ಮುಂಜಾವಿನ ಸದ್ದು

ರೋಗಿಯನ್ನು ಕಂಡೊಡನೆ ಮದ್ದನ್ನು ಹೇಳುವ ವೈದ್ಯನೂ, ಸದ್ದನ್ನು ಕೇಳಿದೊಡನೆ ಯಂತ್ರವನ್ನು ಬಿಚ್ಚಹೊರಡುವ ಕುಶಲನೂ ಒಂದೇ ದೋಷಕ್ಕೆ ಒಳಗಾದವರು. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಪರೀಕ್ಷೆಗಳನ್ನು ಆಯುರ್ವೇದವು ಹೇಳಿರುವುದು ಮನುಷ್ಯದೇಹಕ್ಕಾದರೂ, ಕಬ್ಬಿಣದ ದೇಹಕ್ಕೂ ಅವು ಸಲ್ಲುವುವೆಂಬುದು ಬಾಣಸವಾಡಿಯ ಒಂದು ಮನೆಯವರಿಗೆ ಈಚೆಗೆ ಅನುಭವಕ್ಕೆ ಬಂದಿತು.

ಹಿಂದೆ ದಂಡುಪ್ರದೇಶದ ಆಚೆಗಿನ ಹಳ್ಳಿಯಾಗಿದ್ದ ಬಾಣಸವಾಡಿಯು ಈಗ ಹೊರವರ್ತುಲ ರಸ್ತೆಯ ಗದ್ದಲಕ್ಕೆ ಸೇರಿದ ಬಡಾವಣೆ. ಅಲ್ಲಿಯ ಅಡ್ಡರಸ್ತೆಯೊಂದರಲ್ಲಿರುವ ನಿವೃತ್ತ ಗುಮಾಸ್ತರೊಬ್ಬರ ಬಳಿ 2009ರಲ್ಲಿ ಕೊಂಡ ಮಾರುತಿ 800 ಕಾರೊಂದುಂಟು. 1983ರ ಡಿಸೆಂಬರಿನಲ್ಲಿ ಮೊದಲು ಜನರ ಕೈಸೇರಿದ ಈ ಜಾತಿಯ ಕಾರು, ಹೊಗೆಯ ನಿಯಮಗಳು ಬಿಗಿಯಾದ 2010ರಿಂದ ಬೆಂಗಳೂರಿನಂಥ ಮಹಾನಗರಗಳಲ್ಲಿ ಮಾರಾಟವಾಗದೆ, 2014ರಲ್ಲಿ ತಯಾರಿಕೆಯೂ ನಿಂತುಹೋಯಿತು. ಹದಿನೈದು ವರ್ಷ ತುಂಬಿದ ಮೇಲೂ ಗುಮಾಸ್ತರು ಅದರ ನೋಂದಣಿಯನ್ನು ಮತ್ತೆ ಐದು ವರ್ಷಗಳಿಗೆ ನವೀಕರಿಸಿಕೊಂಡಿದ್ದರು. ಇದಕ್ಕೆ ಕಾರಣವು ವ್ಯಾಮೋಹವಲ್ಲ. ಅವರ ಪತ್ನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಸರದಿಯು ಬೆಳಗಿನ ಆರು ಗಂಟೆಗೆ. ಕತ್ತಲಿರುವಾಗಲೇ ಆಕೆಯನ್ನು ಕೈಹಿಡಿದು ಕೂರಿಸಿ, ಮೆಲ್ಲನೆ ನಡೆಸಿಕೊಂಡು ಹೋಗಲು ಆ ಪುಟ್ಟ ಕಾರೇ ಆಧಾರ.

ಹೀಗಿರಲು ಒಂದು ಮುಂಜಾನೆ ಕೀಲಿಯನ್ನು ತಿರುಗಿಸಿದೊಡನೆ ಎಂಜಿನಿನೊಳಗಿಂದ ಸುತ್ತಿಗೆಯಿಂದ ಬಡಿದಂತೆ ಕಟಕಟನೆ ಸದ್ದು ಎದ್ದಿತು. ಮೂರು ನಾಲ್ಕು ಕ್ಷಣಗಳಾದ ಮೇಲೆ ತಾನಾಗಿ ಅಡಗಿತು. ಮರುದಿನವೂ ಹಾಗೆಯೇ. “ಅದಕ್ಕೂ ನನ್ನ ಹಾಗೆ ಕೀಲು ಸವೆದಿರಬೇಕು, ಬಿಡಿ” ಎಂದು ಪತ್ನಿಯು ನಕ್ಕರೂ ಗುಮಾಸ್ತರಿಗೆ ನಗೆ ಬರಲಿಲ್ಲ. ಸಮೀಪದ ಒಂದು ಕಾರ್ಖಾನೆಯವರು ಬಾನೆಟ್ಟನ್ನು ಎತ್ತಿ ನೋಡಿ, ಬೇರಿಂಗು ಹೋಗಿದೆ, ಎಂಜಿನನ್ನೇ ಬಿಚ್ಚಬೇಕು ಎಂದು, ಗುಮಾಸ್ತರ ಮೂರು ತಿಂಗಳ ಪಿಂಚಣಿಯನ್ನು ಮೀರುವ ಲೆಕ್ಕವನ್ನು ಬರೆದುಕೊಟ್ಟರು. ಪರದೇಶದಲ್ಲಿರುವ ಮಗನು, “ಅಪ್ಪಾ, ಅದನ್ನು ತೂಕಕ್ಕೆ ಹಾಕಿಬಿಡಿ, ಬಾಡಿಗೆ ಕಾರಿನಲ್ಲಿ ಹೋಗಿ” ಎಂದನು. ಬಾಡಿಗೆಯ ಕಾರಿಗಾಗಿ ಕಾದು ಒಮ್ಮೆ ಸರದಿ ತಪ್ಪಿದ್ದುದನ್ನು ಗುಮಾಸ್ತರು ಮಗನಿಗೆ ತಿಳಿಸಿರಲಿಲ್ಲ.

ಕಡೆಗೆ ಅವರು ಹಲಸೂರಿನ ಕಡೆಯ ಒಬ್ಬ ವೃದ್ಧ ಮೇಸ್ತ್ರಿಯ ಬಳಿಗೆ ಹೋದರು. ಆ ಸಾಹೇಬರು ಮೊದಲು ಒಂದು ತಿರುಪನ್ನೂ ಮುಟ್ಟಲಿಲ್ಲ; ಪ್ರಶ್ನೆಗಳನ್ನು ಕೇಳಿದರು. ಸದ್ದು ಎಷ್ಟು ಹೊತ್ತು ಇರುವುದು? ಎಂಜಿನು ಬಿಸಿಯಾದ ಮೇಲೆ, ದಿಬ್ಬವನ್ನು ಏರುವಾಗ ಬರುವುದೆ? ಒಂದು ಗಂಟೆ ನಿಲ್ಲಿಸಿ ಮತ್ತೆ ಹೊರಡಿಸಿದರೆ? “ಇಲ್ಲ ಸಾಹೇಬರೇ, ರಾತ್ರಿಯೆಲ್ಲ ನಿಂತಿದ್ದರೆ ಮಾತ್ರ” ಎಂದರು ಗುಮಾಸ್ತರು. “ಹಾಗಾದರೆ ಅವಸರಪಡಬೇಡಿ ಸ್ವಾಮಿ. ಬೇರಿಂಗು ಪೂರಾ ಸವೆದಿದ್ದರೆ ಬಿಸಿಯಾದಾಗ, ಭಾರ ಬಿದ್ದಾಗ ಕೂಗಬೇಕು. ಪಿಸ್ಟನ್ನು ಸಡಿಲವಾಗಿದ್ದರೆ ಬಿಸಿಯಾಗುವತನಕ ಕೆಲವು ನಿಮಿಷ ಬಡಿಯಬೇಕು. ಇದು ಎರಡೂ ಅಲ್ಲ” ಎಂದು ಹೇಳಿ, ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರು, ಮಟ್ಟವು ಸರಿಯಾಗಿದ್ದಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೆ ತಾಗಿಸಿ, ಹಿಡಿಗೆ ಕಿವಿಯನ್ನು ಒತ್ತಿ ಅಲ್ಲಲ್ಲಿ ಆಲಿಸಿದರು. ಬಳಿಕ, ಈಚೆಗೆ ಏನನ್ನಾದರೂ ಬದಲಾಯಿಸಿದಿರಾ ಎಂದರು. ಎರಡು ತಿಂಗಳ ಹಿಂದೆ ಎಣ್ಣೆಯನ್ನು ಬದಲಾಯಿಸುವಾಗ ಅಗ್ಗಕ್ಕೆ ದೊರೆತ ಫಿಲ್ಟರೊಂದನ್ನು ಹಾಕಿಸಿದ್ದುದು ಆಗ ನೆನಪಿಗೆ ಬಂದಿತು.

ಇಲ್ಲಿಯ ಮರ್ಮವನ್ನು ವಾಚಕರು ಅರಿತಿರುವುದು ಒಳ್ಳೆಯದು. ಎಂಜಿನಿನ ತಳದ ತೊಟ್ಟಿಯಲ್ಲಿರುವ ಎಣ್ಣೆಯನ್ನು ಪಂಪು ಮೇಲೆತ್ತಿ, ಫಿಲ್ಟರಿನ ಮೂಲಕ ಬೇರಿಂಗುಗಳಿಗೆ ನೂಕುತ್ತದೆ. ಲೋಹಕ್ಕೂ ಲೋಹಕ್ಕೂ ನಡುವೆ ನಿಲ್ಲುವ ಆ ಎಣ್ಣೆಯ ತೆಳುಪದರವೇ ಯಂತ್ರದ ಪ್ರಾಣ. ಎಂಜಿನು ನಿಂತಾಗ ಫಿಲ್ಟರಿನೊಳಗಿನ ಎಣ್ಣೆಯು ಹಿಂದಕ್ಕೆ ಇಳಿದುಹೋಗದಂತೆ ತಡೆಯಲು ರಬ್ಬರಿನ ಒಂದು ಕವಾಟವಿರುತ್ತದೆ. ಅದು ಸೋರಿದರೆ ರಾತ್ರಿ ಕಳೆಯುವುದರೊಳಗೆ ಫಿಲ್ಟರು ಬರಿದಾಗುವುದು. ಬೆಳಿಗ್ಗೆ ಅದು ಮತ್ತೆ ತುಂಬುವವರೆಗೆ ಬೇರಿಂಗಿಗೆ ಎಣ್ಣೆಯ ಒತ್ತಡ ದೊರೆಯದೆ ಲೋಹವು ಲೋಹವನ್ನು ಬಡಿಯುವುದು.

ಊಹೆಯು ಸರಿಯೆನಿಸಿದರೂ ಮೇಸ್ತ್ರಿಯು ಅದನ್ನು ಸಿದ್ಧಾಂತವೆಂದು ಬಗೆಯಲಿಲ್ಲ. ತರ್ಕಶಾಸ್ತ್ರದ ಅನ್ವಯವ್ಯತಿರೇಕಗಳ ಹೆಸರನ್ನು ಕೇಳದಿದ್ದರೂ ಅವುಗಳ ಪ್ರಯೋಗವನ್ನು ಅವರು ಬಲ್ಲರು. ಕಾರನ್ನು ರಾತ್ರಿ ತಮ್ಮಲ್ಲಿಯೇ ಇರಿಸಿಕೊಂಡು, ಬೆಳಿಗ್ಗೆ ಕಿಡಿಯೂ ಪೆಟ್ರೋಲೂ ದೊರೆಯದಂತೆ ತಂತಿಗಳನ್ನು ಕಳಚಿ, ಎಣ್ಣೆಯ ಕೆಂಪು ದೀಪ ಆರುವವರೆಗೆ ಎಂಜಿನನ್ನು ಬರಿದೆ ತಿರುಗಿಸಿದರು. ಅನಂತರ ತಂತಿಗಳನ್ನು ಜೋಡಿಸಿ ಹೊರಡಿಸಿದಾಗ ಸದ್ದೇ ಇಲ್ಲ! ಎಣ್ಣೆಯು ಮೊದಲು ತಲುಪಿದರೆ ಸದ್ದಿಲ್ಲ, ತಲುಪದಿದ್ದರೆ ಉಂಟು ಎಂಬುದು ನಿಶ್ಚಯವಾಯಿತು. ಒಳ್ಳೆಯ ಫಿಲ್ಟರನ್ನೂ ಆ ಎಂಜಿನಿಗೆ ತಕ್ಕ ಹೊಸ ಎಣ್ಣೆಯನ್ನೂ ಹಾಕಿ, ಹಳೆಯ ಫಿಲ್ಟರನ್ನು ಕೊಯ್ದು ತೋರಿಸಿದರು. ಕವಾಟದ ರಬ್ಬರು ಒಣಗಿದ ಎಲೆಯಂತೆ ಗಡುಸಾಗಿ ಅಂಚು ಮುರುಟಿಕೊಂಡಿದ್ದಿತು. ಖರ್ಚು, ಮೊದಲಿನವರ ಲೆಕ್ಕದ ಮುಂದೆ ಹೇಳುವಷ್ಟೂ ಇಲ್ಲ. “ಮುಂದೆ ಎಂದಾದರೂ ಬಿಸಿಯಲ್ಲಿ ಸದ್ದು ಕೇಳಿದರೆ, ಎಲ್ಲಿದ್ದೀರೋ ಅಲ್ಲೇ ನಿಲ್ಲಿಸಿಬಿಡಿ ಸ್ವಾಮಿ, ಆಗ ಬಿಚ್ಚಲೇಬೇಕು” ಎಂದು ಎಚ್ಚರಿಸಲು ಅವರು ಮರೆಯಲಿಲ್ಲ.

ಮರುದಿನ ಸರದಿಯ ದಿನ. ಕತ್ತಲಲ್ಲಿ ಗುಮಾಸ್ತರು ಕೀಲಿಯ ಮೇಲೆ ಕೈಯಿಟ್ಟು ಕ್ಷಣಕಾಲ ತಡೆದರು. ತಿರುಗಿಸಿದಾಗ ಕೇಳಿದ್ದು ಮೂರು ಸಿಲಿಂಡರುಗಳ ಹಳೆಯ, ಪರಿಚಿತವಾದ ಗುಣುಗುಣು ಮಾತ್ರ. ಪತ್ನಿಯು ಸೆರಗನ್ನು ಹೊದ್ದುಕೊಳ್ಳುತ್ತ, “ಪರವಾಗಿಲ್ಲ, ಒಬ್ಬರ ಕೀಲಾದರೂ ಸರಿಹೋಯಿತು” ಎಂದರು. ಗುಮಾಸ್ತರು ಉತ್ತರವನ್ನು ಕೊಡದೆ ಕಾರನ್ನು ಮೆಲ್ಲನೆ ರಸ್ತೆಗೆ ಇಳಿಸಿದರು. ಸವೆದ ಎಲ್ಲವನ್ನೂ ಹೊಸದಾಗಿ ಮಾಡುವ ಶಕ್ತಿ ಯಾರಿಗೂ ಇಲ್ಲ. ಆದರೆ ಸವೆಯದುದನ್ನು ಸವೆದಿದೆಯೆಂದು ಎಸೆಯದಿರುವ ವಿವೇಕವು, ನಿಂತು ಕೇಳುವ ತಾಳ್ಮೆಯುಳ್ಳವರಿಗೆ ಲಭಿಸುತ್ತದೆ. ಅಂದು ಅವರು ಆಸ್ಪತ್ರೆಯನ್ನು ತಲುಪಿದಾಗ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದ್ದಿತು.