ಗೋಲ್ಕೊಂಡದ ಪೇಟೆಯಲ್ಲಿ ಭರವಸೆಯೂ ಆಸೆಯೂ

ದೇವರ ಮೇಲೆ ಭಾರ ಹಾಕಿ ಬದುಕುವುದು ಮತ್ತು ತನ್ನೊಳಗೇ ಇರುವ ಕೆಡುಕಿನ ಸೆಳೆತಕ್ಕೆ ಎದುರಾಗಿ ನಿಲ್ಲುವುದು, ಇವೆರಡನ್ನೂ ಯೆಹೂದಿ ಧರ್ಮಚಿಂತನೆ ಬೇರೆ ಬೇರೆ ಸಾಧನೆಗಳೆಂದು ಎಣಿಸದೆ ಒಂದೇ ಬದುಕಿನ ಎರಡು ಕೆಲಸಗಳೆಂದು ನೋಡುತ್ತ ಬಂದಿದೆ. ಮೊದಲನೆಯದಕ್ಕೆ ಹೀಬ್ರೂ ಭಾಷೆಯಲ್ಲಿ ಬಿಟಾಹೋನ್ ಎಂದೂ, ಮನುಷ್ಯನನ್ನು ಅಡ್ಡದಾರಿಗೆಳೆಯುವ ಒಲವಿಗೆ ಯೇಟ್ಸೆರ್ ಹಾರಾ ಎಂದೂ ಹೆಸರು. ಈ ವಿಚಾರಗಳು ಬೆಳೆದ ನೆಲವೆಂದರೆ ಬ್ಯಾಬಿಲೋನು, ಮಧ್ಯಯುಗದ ಸ್ಪೇನು, ಇತ್ತೀಚಿನ ಲಿಥುವೇನಿಯಾ ನೆನಪಿಗೆ ಬರುವುದು ಸಹಜವಾದರೂ, ದಖ್ಖನಿನ ಹೈದರಾಬಾದಿಗೂ ಇದರಲ್ಲೊಂದು ಸಣ್ಣ ಪಾಲಿದೆ. ವಜ್ರದ ವ್ಯಾಪಾರದಿಂದ ಕೊಬ್ಬಿದ್ದ ಕುತುಬ್‌ಶಾಹಿ ರಾಜಧಾನಿಯಲ್ಲಿ, ಇದ್ದುದನ್ನೆಲ್ಲ ಬಿಟ್ಟ ಒಬ್ಬ ಯೆಹೂದಿ ಮೂಲದ ವ್ಯಾಪಾರಿ ಕುಳಿತು ತೋರಾದ ಕುರಿತು ಮಾತನಾಡಿದ ದಾಖಲೆ ಉಳಿದುಬಂದಿರುವುದೇ ಆ ಪಾಲು.

ಆ ವ್ಯಾಪಾರಿ ಮುಂದೆ ಕವಿಯಾಗಿ, ಅವಧೂತನಾಗಿ ಹೆಸರಾದ ಸರ್ಮದ್. ದಾಖಲೆ ಇರುವುದು ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಪಾರಸಿಯಲ್ಲಿ ರಚಿತವಾದ ‘ದಬಿಸ್ತಾನ್-ಎ-ಮಜಾಹಿಬ್’ ಎಂಬ, ನಾನಾ ಮತಗಳ ನಂಬಿಕೆಗಳನ್ನು ವಿವರಿಸುವ ಗ್ರಂಥದಲ್ಲಿ. ಅದರ ಕರ್ತೃ ಯಾರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಆದರೆ ಅವನು 1647ರಲ್ಲಿ, ಅಬ್ದುಲ್ಲಾ ಕುತುಬ್‌ಶಾಹನ ಆಳ್ವಿಕೆಯಲ್ಲಿ, ಹೈದರಾಬಾದಿನಲ್ಲಿ ಸರ್ಮದ್‌ನನ್ನು ಕಂಡು, ಯೆಹೂದಿಗಳ ಬಗೆಗಿನ ಅಧ್ಯಾಯಕ್ಕೆ ಬೇಕಾದ ವಿಷಯವನ್ನು ಅವನ ಬಾಯಿಂದಲೇ ಪಡೆದದ್ದು ಗ್ರಂಥದಿಂದ ತಿಳಿಯುತ್ತದೆ. ಅದರ ಪ್ರಕಾರ ಸರ್ಮದ್ ಇರಾನಿನ ಕಾಶಾನ್ ಊರಿನ, ರಬ್ಬಿಗಳ ಅಂದರೆ ಯೆಹೂದಿ ಧರ್ಮಪಂಡಿತರ ಮನೆತನಕ್ಕೆ ಸೇರಿದವನು. ತೋರಾ ಎಂದು ಕರೆಯುವ ಮೋಶೆಯ ಐದು ಗ್ರಂಥಗಳನ್ನು ಓದಿಕೊಂಡು, ಅನಂತರ ಇಸ್ಲಾಮನ್ನು ಸ್ವೀಕರಿಸಿ, ಮುಲ್ಲಾ ಸದ್ರಾರಂಥ ದಾರ್ಶನಿಕರ ಬಳಿ ಕಲಿತು, ಸರಕು ಹೇರಿಕೊಂಡು ಸಮುದ್ರಮಾರ್ಗವಾಗಿ ಸಿಂಧ್‌ನ ಥಟ್ಟಾ ಪಟ್ಟಣಕ್ಕೆ ಬಂದಿದ್ದ. ಅಲ್ಲಿ ಅಭಯಚಂದ್ ಎಂಬ ಹಿಂದೂ ತರುಣನ ಮೇಲಿನ ಮೋಹದಲ್ಲಿ ವ್ಯಾಪಾರವನ್ನೂ, ಕೊನೆಗೆ ಮೈಮೇಲಿನ ಬಟ್ಟೆಯನ್ನೂ ತೊರೆದ. ಅಭಯಚಂದ್ ಅವನಿಂದ ಹೀಬ್ರೂ ಧರ್ಮಗ್ರಂಥಗಳನ್ನು ಕಲಿತು, ತೋರಾದ ಮೊದಲ ಗ್ರಂಥವಾದ ಆದಿಕಾಂಡದ ಆರಂಭದ ಭಾಗವನ್ನು ಪಾರಸಿಗೆ ಅನುವಾದಿಸಿದ. ಗ್ರಂಥಕರ್ತ ಅದನ್ನು ಸರ್ಮದ್‌ನ ಮುಂದಿಟ್ಟು ತಿದ್ದಿಸಿಕೊಂಡು ತನ್ನ ಪುಸ್ತಕದಲ್ಲಿ ಸೇರಿಸಿಕೊಂಡ. ದಖ್ಖನಿನ ಒಂದು ನಗರದಲ್ಲಿ, ಒಬ್ಬ ಹಿಂದೂ ಶಿಷ್ಯ ಮಾಡಿದ ತೋರಾದ ಅನುವಾದವನ್ನು, ಯೆಹೂದಿಯಾಗಿ ಹುಟ್ಟಿ ಮುಸ್ಲಿಮನಾದ ಫಕೀರನೊಬ್ಬ ತಿದ್ದಿಕೊಟ್ಟ ಈ ಪ್ರಸಂಗಕ್ಕೆ ನಮ್ಮ ಚರಿತ್ರೆಯ ಪಠ್ಯಗಳಲ್ಲಿ ಒಂದು ಸಾಲಿನ ಜಾಗವೂ ಸಿಕ್ಕದಿರುವುದು ಸೋಜಿಗ.

ಕೆಡುಕಿನ ಒಲವಿನ ವಿಚಾರ ಬೇರೂರಿರುವುದೂ ಆದಿಕಾಂಡದ ಆರಂಭದ ಅಧ್ಯಾಯಗಳಲ್ಲಿಯೇ. ಆದಾಮನ ಮಕ್ಕಳಲ್ಲಿ ಹಿರಿಯನಾದ ಕಾಯಿನನು ತಮ್ಮ ಹೇಬೆಲನ ಮೇಲೆ ಹೊಟ್ಟೆಕಿಚ್ಚಿನಿಂದ ಕುದಿಯುತ್ತಿರುವಾಗ, ಪಾಪವು ಬಾಗಿಲ ಬಳಿಯೇ ಹೊಂಚುಹಾಕಿದೆ, ಆದರೂ ಅದನ್ನು ಆಳುವ ಶಕ್ತಿ ನಿನಗುಂಟು ಎಂಬ ಎಚ್ಚರಿಕೆ ದೇವರಿಂದ ಬರುತ್ತದೆ. ಮುಂದೆ ಜಲಪ್ರಳಯದ ಹೊಸ್ತಿಲಲ್ಲಿ, ಮನುಷ್ಯನ ಹೃದಯದ ಒಲವೆಲ್ಲ ಕೆಟ್ಟದ್ದರ ಕಡೆಗೇ ಎಂದು ದೇವರು ನೊಂದುಕೊಳ್ಳುತ್ತಾನೆ. ಕ್ರೈಸ್ತ ದೇವತಾಶಾಸ್ತ್ರವು ಆದಿಕಾಂಡದ ಇದೇ ಆರಂಭದ ಅಧ್ಯಾಯಗಳಿಂದ ಹುಟ್ಟಿನಿಂದಲೇ ಅಂಟಿಬರುವ ಮೂಲಪಾಪದ ತತ್ತ್ವವನ್ನು ಕಟ್ಟಿಕೊಂಡರೆ, ರಬ್ಬಿಗಳು ಹಿಡಿದದ್ದು ಬೇರೆ ದಾರಿ: ದೇವರೇ ಮನುಷ್ಯನಲ್ಲಿ ಎರಡು ಒಲವುಗಳನ್ನಿಟ್ಟ, ಒಳಿತಿನದು ಯೇಟ್ಸೆರ್ ತೋವ್, ಕೆಡುಕಿನದು ಯೇಟ್ಸೆರ್ ಹಾರಾ, ಇವೆರಡರ ನಡುವೆ ಆಯ್ಕೆ ಮನುಷ್ಯನದು. ಕೆಡುಕಿನ ಒಲವು ಹುಟ್ಟಿನಿಂದಲೇ ಜೊತೆಗಿರುತ್ತದೆ, ಒಳಿತಿನದು ಹುಡುಗ ಧರ್ಮವಿಧಿಗಳಿಗೆ ಬದ್ಧನಾಗುವ ಹದಿಮೂರರ ಪ್ರಾಯದಲ್ಲಷ್ಟೆ ಬಂದು ಸೇರುತ್ತದೆ, ಆದ್ದರಿಂದ ಮೊದಲನೆಯದು ಹದಿಮೂರು ವರ್ಷ ಹಿರಿಯದು ಎಂದು ಅವರು ಲೆಕ್ಕ ಹಾಕುವುದರಲ್ಲಿ ಮಕ್ಕಳನ್ನು ಸಾಕಿದವರ ಅನುಭವವೂ ಸ್ವಲ್ಪ ಬೆರೆತಿರಬೇಕು.

ಇದಕ್ಕಿಂತ ಅಚ್ಚರಿಯ ಮಾತು ಆದಿಕಾಂಡದ ಮೇಲಿನ ಪ್ರಾಚೀನ ಮಿದ್ರಾಶ್‌ನಲ್ಲಿದೆ. ಮಿದ್ರಾಶ್ ಎಂದರೆ ಧರ್ಮಗ್ರಂಥದ ಒಂದೊಂದು ಪದವನ್ನೂ ಬಗೆದು ಅರ್ಥ ಹೇಳುವ ವ್ಯಾಖ್ಯಾನ ಸಾಹಿತ್ಯ. ಸೃಷ್ಟಿಯ ಆರನೆಯ ದಿನ ದೇವರು ತಾನು ಮಾಡಿದ್ದನ್ನೆಲ್ಲ ನೋಡಿ ಬಹಳ ಒಳ್ಳೆಯದೆಂದು ಮೆಚ್ಚಿದನಲ್ಲ, ಆ ಮೆಚ್ಚುಗೆಯಲ್ಲಿ ಕೆಡುಕಿನ ಒಲವೂ ಸೇರಿದೆ ಎಂದು ಅಲ್ಲಿನ ವ್ಯಾಖ್ಯಾನ. ಏಕೆಂದರೆ ಅದಿಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಮಕ್ಕಳನ್ನು ಹಡೆಯುತ್ತಿರಲಿಲ್ಲ, ವ್ಯಾಪಾರಕ್ಕೆ ಇಳಿಯುತ್ತಿರಲಿಲ್ಲ. ರಬ್ಬಿಗಳ ಚರ್ಚೆಗಳ ಮಹಾಸಂಗ್ರಹವಾದ ತಾಲ್ಮುದ್ ಇದನ್ನೇ ಕಥೆಯಾಗಿ ಹೇಳುತ್ತದೆ: ಹಿಂದೊಮ್ಮೆ ಜ್ಞಾನಿಗಳು ಪ್ರಾರ್ಥಿಸಿ ಕಾಮದ ಒಲವನ್ನು ಹಿಡಿದು ಮೂರು ದಿನ ಸೆರೆಯಲ್ಲಿಟ್ಟರಂತೆ, ಆಗ ಇಡೀ ಇಸ್ರಾಯೇಲ್ ನಾಡಿನಲ್ಲಿ ರೋಗಿಗೆ ಬೇಕೆಂದರೂ ಅಂದಿಟ್ಟ ಒಂದು ಕೋಳಿಮೊಟ್ಟೆ ಸಿಗಲಿಲ್ಲವಂತೆ, ಕೊಂದರೆ ಲೋಕವೇ ನಿಂತುಹೋದೀತೆಂದು ಹೆದರಿ ಅದರ ಕಣ್ಣಿಗೆ ಘಾಸಿ ಮಾಡಿ ಬಿಟ್ಟುಬಿಟ್ಟರಂತೆ.

ಸರ್ಮದ್ ಕಂಡ ಹೈದರಾಬಾದು ಈ ಮಾತಿಗೆ ಚೆನ್ನಾಗಿ ಹೊಂದುವ ಊರು. 1591ರಲ್ಲಿ ಚಾರ್‌ಮಿನಾರಿನೊಂದಿಗೆ ತಲೆಯೆತ್ತಿದ ಆ ನಗರದ ಬಜಾರುಗಳನ್ನು ಪೊರೆದದ್ದು ಕೃಷ್ಣಾ ದಂಡೆಯ ವಜ್ರದ ಗಣಿಗಳು. ಅವುಗಳಲ್ಲಿ ದೊಡ್ಡದಾದ ಕೊಲ್ಲೂರಿನಲ್ಲಿ (ಕನ್ನಡಿಗರಿಗೆ ಪರಿಚಿತವಾದ ಮೂಕಾಂಬಿಕೆಯ ಕೊಲ್ಲೂರಲ್ಲ, ಗುಂಟೂರು ಸೀಮೆಯದು) ಅರವತ್ತು ಸಾವಿರದಷ್ಟು ಜನ ದುಡಿಯುತ್ತಿದ್ದರೆಂದು ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಬರೆದಿಟ್ಟಿದ್ದಾನೆ. ಅದೇ ಶತಮಾನದ ಕೊನೆಗೆ ಲಂಡನ್ನಿನ ಯೆಹೂದಿ ವರ್ತಕರು ಮೆಡಿಟರೇನಿಯನ್ ಹವಳವನ್ನು ಮದ್ರಾಸಿಗೆ ಕಳಿಸಿ ಗೋಲ್ಕೊಂಡದ ವಜ್ರ ತರಿಸಿಕೊಳ್ಳುತ್ತಿದ್ದರು. ಆಸೆಯಿಲ್ಲದೆ ಈ ಹವಳ ಕಡಲು ದಾಟುತ್ತಿರಲಿಲ್ಲ, ಆ ಗಣಿಗಳಿಗೆ ಗುದ್ದಲಿ ಬೀಳುತ್ತಿರಲಿಲ್ಲ. ಹಾಗೆಂದು ಆಸೆಗೆ ಅಳತೆಯೇ ಬೇಡವೆಂದಲ್ಲ. ಅದು ಮೊದಮೊದಲು ಜೇಡರ ಬಲೆಯ ಎಳೆಯಂತಿದ್ದು ಕೊನೆಗೆ ಬಂಡಿಯ ಮಿಣಿಯಷ್ಟು ದಪ್ಪವಾಗುತ್ತದೆ, ದಾರಿಹೋಕನಾಗಿ ಬಂದು ಅತಿಥಿಯಾಗಿ ಉಳಿದು ಯಜಮಾನನಾಗಿ ಕೂರುತ್ತದೆ ಎಂದು ತಾಲ್ಮುದ್ ಎಚ್ಚರಿಸುತ್ತದೆ.

ಕನ್ನಡ ಓದುಗರಿಗೆ ಇಲ್ಲಿ ಅರಿಷಡ್ವರ್ಗ ನೆನಪಾಗದಿರದು, ಆದರೆ ಎರಡನ್ನೂ ಒಂದೇ ಎಂದುಕೊಂಡರೆ ಮುಖ್ಯವಾದ ವ್ಯತ್ಯಾಸವೊಂದು ಕೈತಪ್ಪುತ್ತದೆ. ಕಾಮ ಕ್ರೋಧಾದಿಗಳು ಹೆಸರಿನಲ್ಲೇ ಅರಿಗಳು, ಗೆದ್ದು ತೊಲಗಿಸಬೇಕಾದವು. ಯೇಟ್ಸೆರ್ ಹಾರಾ ವೈರಿಯಾದರೂ ಮನೆಯಲ್ಲೇ ಇಟ್ಟುಕೊಂಡು ದುಡಿಸಬೇಕಾದ ವೈರಿ. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು ಎಂಬ ಧರ್ಮೋಪದೇಶಕಾಂಡದ ಆಜ್ಞೆಗೆ ಎರಡೂ ಒಲವುಗಳಿಂದ ಪ್ರೀತಿಸು ಎಂದೇ ರಬ್ಬಿಗಳು ಅರ್ಥ ಮಾಡಿದರು. ಅದನ್ನು ಹತೋಟಿಯಲ್ಲಿಡುವ ಕ್ರಮವನ್ನು ಮೂರನೆಯ ಶತಮಾನದ ರಬ್ಬಿ ಶಿಮೋನ್ ಬೆನ್ ಲಾಕಿಶ್ ಮೆಟ್ಟಿಲು ಮೆಟ್ಟಿಲಾಗಿ ಹೇಳಿದ್ದಾನೆ: ಮೊದಲು ಒಳಿತಿನ ಒಲವನ್ನು ಅದರ ಮೇಲೆ ಎತ್ತಿಕಟ್ಟಬೇಕು, ಸೋತರೆ ತೋರಾದ ಅಧ್ಯಯನಕ್ಕೆ ತೊಡಗಬೇಕು, ಅದೂ ಸಾಲದಿದ್ದರೆ ದೇವರೊಬ್ಬನೇ ಎಂದು ಸಾರುವ ಶೆಮಾ ಪ್ರಾರ್ಥನೆಯನ್ನು ಹೇಳಬೇಕು, ಎಲ್ಲವೂ ವಿಫಲವಾದರೆ ಮರಣದ ದಿನವನ್ನು ನೆನೆಯಬೇಕು. ಸಾವಿನ ನೆನಪು ಕೊಟ್ಟಕೊನೆಯ ಮದ್ದಾಗಿರುವುದು ಗಮನಾರ್ಹ, ಏಕೆಂದರೆ ಅದನ್ನೇ ಮೊದಲು ಕೊಟ್ಟರೆ ಆಸೆಯ ಜೊತೆಗೆ ಕೆಲಸದ ಹುರುಪೂ ಸತ್ತೀತು.

ಇನ್ನು ಭರವಸೆಯ ಮಾತು. ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಾಯೇಲರಿಗೆ ಮರುಭೂಮಿಯಲ್ಲಿ ಆಕಾಶದಿಂದ ಬೀಳುತ್ತಿದ್ದ ಮನ್ನಾ ಎಂಬ ಆಹಾರವನ್ನು ಅಂದಂದಿಗೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕಿತ್ತು, ಮಿಗಿಸಿದರೆ ಹುಳ ಬೀಳುತ್ತಿತ್ತು, ದುಡಿಮೆ ನಿಷಿದ್ಧವಾದ ಶನಿವಾರದ ಸಬ್ಬಾತ್‌ಗೆಂದು ಶುಕ್ರವಾರ ಮಾತ್ರ ಎರಡು ಪಾಲು ಸಿಗುತ್ತಿತ್ತು. ಈ ಕಥೆಯ ನೆರಳಿನಲ್ಲಿಯೇ ಹಿರಿಯ ರಬ್ಬಿ ಎಲಿಯೇಜರ್, ಬುಟ್ಟಿಯಲ್ಲಿ ರೊಟ್ಟಿಯಿದ್ದೂ ನಾಳೆ ಏನು ತಿನ್ನಲಿ ಎಂದು ಕೊರಗುವವನು ಅಲ್ಪವಿಶ್ವಾಸಿಯೆಂದ. ಇದನ್ನು ಶಾಸ್ತ್ರವಾಗಿ ಬೆಳೆಸಿದವನು ಸ್ಪೇನಿನ ಸಾರಗೋಸಾದ ಧರ್ಮನ್ಯಾಯಾಧೀಶ ಬಾಹ್ಯಾ ಇಬ್ನ್ ಪಾಕೂದಾ; 1080ರ ಸುಮಾರಿಗೆ ಅರಬ್ಬಿಯಲ್ಲಿ ಬರೆದು, 1161ರಲ್ಲಿ ಹೀಬ್ರೂವಿಗೆ ಅನುವಾದಗೊಂಡ ಅವನ ‘ಹೃದಯದ ಕರ್ತವ್ಯಗಳು’ ಎಂಬ ಗ್ರಂಥದಲ್ಲಿ ಒಂದು ಪ್ರಕರಣವೇ ಭರವಸೆಗೆ ಮೀಸಲು. ಕೀಳು ಲೋಹವನ್ನು ಚಿನ್ನ ಮಾಡಬಲ್ಲ ರಸವಾದಿಗಿಂತ ದೇವರನ್ನು ನೆಚ್ಚಿದವನು ಹೇಗೆ ಮೇಲೆಂದು ಅವನು ಅಲ್ಲಿ ಹತ್ತು ಬಗೆಯಲ್ಲಿ ತೋರಿಸುತ್ತಾನೆ: ರಸವಾದಿಗೆ ಮೂಲವಸ್ತು ಬೇಕು, ಗುಟ್ಟು ಕಾಯಬೇಕು, ಕಳ್ಳರಿಗೂ ಅರಸರಿಗೂ ಅಂಜಬೇಕು, ನೆಚ್ಚಿದವನಿಗೆ ಇವಾವುದರ ಹಂಗೂ ಇಲ್ಲ. ಆದರೆ ಬಾಹ್ಯಾ ಕೈಕಟ್ಟಿ ಕುಳಿತುಕೊಳ್ಳಿ ಎನ್ನುವುದಿಲ್ಲ. ಕಸುಬಿನಿಂದಲೇ ಅನ್ನ ಬರುತ್ತದೆಂದು ನಂಬಬಾರದು, ಆದರೂ ಕಸುಬು ಬಿಡಬಾರದು; ಏಕೆಂದರೆ ದುಡಿಮೆಯ ನೊಗವಿಲ್ಲದ ಮನುಷ್ಯ ಕೊಬ್ಬಿ ಪಾಪದ ಬೆನ್ನು ಹತ್ತುತ್ತಾನೆ. ಹೀಗೆ ಭರವಸೆಯ ಪ್ರಕರಣದ ನಡುವೆಯೇ ಕೆಡುಕಿನ ಒಲವು ಮತ್ತೆ ಕಾಣಿಸಿಕೊಳ್ಳುತ್ತದೆ, ದುಡಿಮೆ ಎರಡಕ್ಕೂ ಸೇತುವೆಯಾಗುತ್ತದೆ. ಕಾಯಕದ ಮಾತು ಕೇಳಿ ಬೆಳೆದ ನಾಡಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಮದ್ ಈ ಸಮತೋಲದ ಹೊರಗೆ ನಿಲ್ಲುತ್ತಾನೆ. ಬಾಹ್ಯಾನ ಗ್ರಂಥ ಸೂಫಿಗಳ ತವಕ್ಕುಲ್ ಅಂದರೆ ದೇವರಿಗೆ ತನ್ನನ್ನು ಒಪ್ಪಿಸಿಬಿಡುವ ತತ್ತ್ವದಿಂದ ಬಹಳಷ್ಟು ಪಡೆದಿದ್ದರಿಂದ ಇಬ್ಬರ ನಡುವಿನ ಗೋಡೆ ತೆಳುವಾದದ್ದು ನಿಜ. ಆದರೆ ಅಂಗಡಿಯನ್ನೇ ಮುಚ್ಚಿದವನ ಭರವಸೆಗೆ ರಬ್ಬಿಗಳು ಸುಲಭವಾಗಿ ತಲೆದೂಗುವವರಲ್ಲ, ದ್ರಾಕ್ಷಾರಸ ಬಿಡುವ ವ್ರತ ಹಿಡಿದವನನ್ನೂ ತನ್ನ ದೇಹಕ್ಕೆ ಅನ್ಯಾಯ ಮಾಡಿಕೊಂಡ ಪಾಪಿಯೆಂದು ಕರೆದ ಪಂಡಿತರು ತಾಲ್ಮುದ್‌ನಲ್ಲಿದ್ದಾರೆ. ಬೆತ್ತಲೆ ಇರುವುದನ್ನು ಸಮರ್ಥಿಸಿಕೊಳ್ಳಲು ಸರ್ಮದ್ ಪ್ರವಾದಿ ಯೆಶಾಯನ ಉದಾಹರಣೆ ಕೊಟ್ಟನೆಂದು ‘ದಬಿಸ್ತಾನ್’ ಹೇಳುತ್ತದೆ. ಯೆಶಾಯನು ಬೆತ್ತಲೆ ನಡೆದದ್ದು ಮುಂಬರುವ ಸೆರೆಯ ಸಂಕೇತವಾಗಿ ಮೂರು ವರ್ಷ ಮಾತ್ರ ಎಂಬುದನ್ನು ಓದಿಕೊಂಡವನೇ ಮರೆತದ್ದು ಕೊಂಚ ಜಾಣಮರೆವೇ ಇರಬೇಕು. ಮುಂದೆ ಅವನು ದಿಲ್ಲಿಗೆ ಹೋಗಿ ಮೊಗಲ್ ರಾಜಕುಮಾರ ದಾರಾ ಶಿಕೋಹ್‌ನ ಆದರಕ್ಕೆ ಪಾತ್ರನಾಗಿ, ಪಟ್ಟಕ್ಕಾಗಿ ನಡೆದ ಕಾಳಗದಲ್ಲಿ ದಾರಾ ಸೋತು ಸತ್ತ ಮೇಲೆ ಅವನ ತಮ್ಮ ಔರಂಗಜೇಬನ ಕಾಲದಲ್ಲಿ 1660ರ ಸುಮಾರಿಗೆ ಶಿರಚ್ಛೇದಕ್ಕೊಳಗಾದ. ಜಾಮಾ ಮಸೀದಿಯ ಬಳಿ ಅವನ ಗೋರಿಯಿದೆ, ಮೌಲಾನಾ ಆಜಾದರು ಎಳೆಯ ವಯಸ್ಸಿನಲ್ಲೇ ಅವನ ಮೇಲೆ ಪ್ರಬಂಧ ಬರೆದಿದ್ದಾರೆ. ಧೈರ್ಯದಲ್ಲಿ ಅವನಿಗೆ ಎಣೆಯಿಲ್ಲ. ಆದರೂ ಆಸೆಯನ್ನು ಪಳಗಿಸುವ ಕಷ್ಟವನ್ನು ಅವನು ಆಸೆಯ ಜೊತೆಗೇ ಎಸೆದುಬಿಟ್ಟನೇ ಎಂಬ ಸಂಶಯ ಉಳಿಯುತ್ತದೆ.

ಆ ಕಷ್ಟವನ್ನು ಪೇಟೆಯ ಮಧ್ಯದಲ್ಲಿಯೇ ತೂಗಿ ನೋಡಿದವರು ಹಜೋನ್ ಈಶ್ ಎಂದು ಪ್ರಸಿದ್ಧರಾದ ರಬ್ಬಿ ಅವ್ರಾಹಂ ಕರೆಲಿಟ್ಸ್ (1878–1953). ಬಿಟಾಹೋನ್ ಎಂದರೆ ಎಲ್ಲವೂ ಒಳ್ಳೆಯದೇ ಆಗುತ್ತದೆಂಬ ಖಾತರಿಯಲ್ಲ, ಆಗುವುದಾವುದೂ ದೇವರ ಕೈಮೀರಿದ ಆಕಸ್ಮಿಕವಲ್ಲ ಎಂಬ ಅರಿವು ಮಾತ್ರ ಎಂದು ಅವರು ಖಚಿತಪಡಿಸಿದರು. ಸದಾ ದೇವರ ಭರವಸೆಯನ್ನೇ ಜಪಿಸುವ ಒಬ್ಬ ಅಂಗಡಿಕಾರನ ಎದುರಿಗೆ ಅಂಥದೇ ಇನ್ನೊಂದು ಅಂಗಡಿ ತೆರೆಯಲು ಇನ್ನೊಬ್ಬ ಸಿದ್ಧನಾದಾಗ ಮೊದಲಿನವನ ನಿದ್ದೆ ಕೆಟ್ಟು, ಅವನನ್ನು ತಡೆಯುವ ಉಪಾಯಗಳು ತಲೆಯಲ್ಲಿ ಹುಟ್ಟಿಕೊಂಡರೆ, ಅವನ ಭರವಸೆ ಇಷ್ಟು ದಿನವೂ ತುಂಬಿದ ಗಲ್ಲಾಪೆಟ್ಟಿಗೆಯ ಮೇಲಿತ್ತೆಂದೇ ಅರ್ಥ. ನಿಜವಾಗಿ ನೆಚ್ಚಿದವನು ಎದುರಂಗಡಿಯವನಿಗೆ ನೆರವಾಗಲೂ ಹಿಂಜರಿಯನು. ಕೆಡುಕಿನ ಒಲವು ಭಕ್ತಿಯ ಮಾತನ್ನೇ ಮುಖವಾಡ ಮಾಡಿಕೊಳ್ಳುವ ಈ ಬಗೆಯನ್ನು ಗುರುತಿಸಿದ್ದು ಅವರ ದೊಡ್ಡ ಒಳನೋಟ, ಹೈದರಾಬಾದಿನ ಬೇಗಂಬಜಾರಿನಲ್ಲಿಯೂ ಬೆಂಗಳೂರಿನ ಬಳೇಪೇಟೆಯಲ್ಲಿಯೂ ಇದನ್ನು ಪರೀಕ್ಷಿಸಿ ನೋಡಬಹುದು.

ವಜ್ರದ ಕೊಲ್ಲೂರು ಇದ್ದ ಗುಂಟೂರು ಸೀಮೆಯಲ್ಲಿಯೇ, ಚೇಬ್ರೋಲು ಪಟ್ಟಣದ ಹತ್ತಿರ, ಬೆನೆ ಎಫ್ರಾಯಿಮ್ ಎಂಬ ತೆಲುಗು ಮಾತಿನ ಪುಟ್ಟ ಸಮುದಾಯ ಇಂದು ಯೆಹೂದಿ ಆಚಾರಗಳನ್ನು ಪಾಲಿಸುತ್ತಿದೆ. ಮಾದಿಗ ಹಿನ್ನೆಲೆಯ ಈ ಕುಟುಂಬಗಳು ಇಸ್ರಾಯೇಲಿನ ಕಳೆದುಹೋದ ಎಫ್ರಾಯಿಮ್ ಕುಲದ ವಂಶದವರು ತಾವೆಂದು ಹೇಳಿಕೊಳ್ಳುತ್ತವೆ, ಆ ದಾವೆಯ ಚರ್ಚೆ ಇಲ್ಲಿ ಬೇಡ. ಅವರಲ್ಲಿ ಹೆಚ್ಚಿನವರು ಹೊಲದ ಕೂಲಿಯವರು. ಅಂಥವರಿಗೆ ಸಬ್ಬಾತ್ ಎಂದರೆ ಶನಿವಾರದ ಕೂಲಿ ಬಿಡುವುದು, ಶುಕ್ರವಾರ ಎರಡು ಪಾಲು ಮನ್ನಾ ಬೀಳದ ಊರಿನಲ್ಲಿ ಬಿಡುವುದು. ನಾಟಿ, ಕೊಯ್ಲಿನ ದಿನಗಳಲ್ಲಿ ಯಾರಾದರೂ ಸಬ್ಬಾತ್ ಮುರಿದು ಹೊಲಕ್ಕಿಳಿದರೆ ಅದನ್ನು ಕೆಡುಕಿನ ಒಲವಿಗೆ ಸೋತದ್ದೆನ್ನಬೇಕೋ, ಹಸಿವಿಗೆ ತಲೆಬಾಗಿದ್ದೆನ್ನಬೇಕೋ ಎಂದು ತೀರ್ಪು ಕೊಡಲು ಹೊರಟವರು ರಬ್ಬಿ ಎಲಿಯೇಜರನ ಮಾತನ್ನು ಇನ್ನೊಮ್ಮೆ ಓದಿಕೊಳ್ಳಬೇಕು: ಅವನು ಅಲ್ಪವಿಶ್ವಾಸಿಯೆಂದದ್ದು ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡವನನ್ನು, ಬುಟ್ಟಿಯೇ ಬರಿದಾದವನ ನಾಳಿನ ಚಿಂತೆಯ ಬಗ್ಗೆ ಆ ಮಾತಿನಲ್ಲಿ ಏನೂ ಇಲ್ಲ.