ಪೀಡೆಯ ಬೇರು ಎಲ್ಲಿದೆ?

ಹೊಲದಲ್ಲಿ ಕಳೆಯೆಂದು ಕಿತ್ತೆಸೆಯುವ ತುಂಬೆಯ ಗಿಡವೇ ಪೂಜೆಯ ತಟ್ಟೆಗೆ ಬಂದಾಗ ಪುಷ್ಪವೆನಿಸುತ್ತದೆ. ಗಿಡ ಒಂದೇ, ಅದು ನಿಂತ ನೆಲೆ ಬೇರೆ. ಹಾಗಾದರೆ ಪೀಡೆ ಎಂಬುದು ಜೀವಿಯ ಗುಣವೋ ನೆಲೆಯ ಗುಣವೋ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದು ನಿಲ್ಲಿಸಿದ್ದು ಬೆರಳಿಗಿಂತಲೂ ಚಿಕ್ಕದಾದ ಒಂದು ಕಡಲಜೀವಿ.

2024ರಲ್ಲಿ ಕೆಲವು ವಾರ ಅಮೇರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿರುವ ಅಕ್ಕನ ಮನೆಯಲ್ಲಿದ್ದೆ. ಸೋದರಳಿಯನು ಅಲ್ಲಿ ಸುಮಾರು 280 ಲೀಟರಿನ ಗಾಜಿನ ತೊಟ್ಟಿಯಲ್ಲಿ ಪುಟ್ಟ ಸಮುದ್ರವೊಂದನ್ನು ಸಾಕಿದ್ದಾನೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25-26 ಡಿಗ್ರಿ ಶಾಖ, ಅಲೆಯೆಬ್ಬಿಸುವ ಪಂಪು, ಹಗಲಿನ ಬದಲು ದೀಪ, ಇವುಗಳ ನಡುವೆ ಮೀನುಗಳೂ ಜೀವಂತ ಹವಳಗಳೂ ಬಾಳುತ್ತಿವೆ. ಮೆಕ್ಸಿಕೋ ಕೊಲ್ಲಿಯ ತಳದಲ್ಲಿ ಸುಣ್ಣದ ಕಲ್ಲುಗಳನ್ನು ಇರಿಸಿ, ಅವುಗಳ ಮೇಲೆ ಜೀವಜಾಲ ಹಬ್ಬಿದ ಬಳಿಕ ಎತ್ತಿ ಮಾರುವ ವಾಡಿಕೆ ಅಲ್ಲುಂಟು. ಅಂಥ ಕಲ್ಲಿನೊಂದಿಗೆ ಕರೆಯದ ಅತಿಥಿಯೂ ಬಂದಿತ್ತು. ಅದರ ಹೆಸರು ಐಪ್ಟೇಸಿಯಾ, ಅನಿಮೋನ್ ಎಂಬ ಕಡಲ ಹೂಗಳ ಕುಲಕ್ಕೆ ಸೇರಿದ್ದು.

ಹೂವೆಂಬುದು ನೋಟಕ್ಕೆ ಮಾತ್ರ. ಅದು ಪ್ರಾಣಿ. ಕಂದು ಛಾಯೆಯ ಪಾರದರ್ಶಕ ಮೈ, ನೆತ್ತಿಯ ಸುತ್ತ ಎಳೆಗಳ ಕಿರೀಟ, ಎಳೆಗಳ ತುಂಬ ಕುಟುಕುಕಣಗಳು. ಮಗ್ಗುಲಿನ ಹವಳವನ್ನು ತಾಗಿದರೆ ಕುಟುಕಿ ಸುಡುತ್ತದೆ. ನೆರಳು ಬಿದ್ದರೂ ಸಾಕು, ಕಲ್ಲಿನ ರಂಧ್ರದೊಳಗೆ ಕುಗ್ಗಿ ಕಾಣದಾಗುತ್ತದೆ. ಅಳಿಯನು ನಾಲ್ಕು ವರ್ಷಗಳಿಂದ ಸಲಹಿದ್ದ ಹವಳವೊಂದು ಒಂದು ಮಗ್ಗುಲಿನಿಂದ ಬಿಳಿಚುತ್ತ ಬಂದಿತ್ತು. “ಮಾಮಾ, ಇನ್ನು ತೊಟ್ಟಿಯನ್ನೇ ಖಾಲಿ ಮಾಡಿಬಿಡಲೇ?” ಎಂದು ಅವನು ಕೇಳಿದಾಗ ಅವನ ಧ್ವನಿಯಲ್ಲಿದ್ದುದು ಬೇಸರವಲ್ಲ, ಅಳು.

ಕೆರೆದು ತೆಗೆಯಬಾರದೇ ಎಂದು ಯಾರಿಗಾದರೂ ಅನಿಸುವುದು ಸಹಜ. ಈ ಜೀವಿಯ ಮರ್ಮವಿರುವುದು ಅಲ್ಲಿಯೇ. ಅದರ ಪಾದದಿಂದ ಕಳಚಿದ ಚೂರೊಂದು ಕಲ್ಲಿನಲ್ಲಿ ಉಳಿದರೂ ಕೆಲವೇ ವಾರಗಳಲ್ಲಿ ಮತ್ತೊಂದು ಪೂರ್ಣ ಜೀವಿಯಾಗುತ್ತದೆ. ಸಿಟ್ಟಿನಿಂದ ಒಂದನ್ನು ಹರಿದವನು ಹತ್ತನ್ನು ಬಿತ್ತಿದಂತೆ. ಆದುದರಿಂದ ಬಲ್ಲವರು ಹರಿಯುವುದಿಲ್ಲ. ಪಂಪು ನಿಲ್ಲಿಸಿ, ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಿಂದ ನಿಧಾನವಾಗಿ ಅದರ ಬಾಯ ಮೇಲೆ ಬಿಡುತ್ತಾರೆ. ನಾವು ಎಲೆಗೆ ಹಚ್ಚುವ ಸುಣ್ಣವೂ ಇದೇ ಪದಾರ್ಥ. ಅದರ ಕ್ಷಾರವು ಇಡೀ ನೀರಿನ ಗುಣವನ್ನೇ ಕೆಡಿಸಬಲ್ಲದಾದ್ದರಿಂದ ಒಂದು ದಿನಕ್ಕೆ ಎರಡು ಮೂರನ್ನಷ್ಟೇ ಮುಟ್ಟಬೇಕು. ಅವಸರಕ್ಕೆ ಇಲ್ಲಿ ಎಡೆಯಿಲ್ಲ.

ಎರಡನೆಯ ದಾರಿ, ಅದನ್ನು ತಿನ್ನುವ ಜೀವಿಯನ್ನು ತರುವುದು. ಪೆಪ್ಪರ್‌ಮಿಂಟ್ ಸೀಗಡಿಗಳಲ್ಲಿ ಕೆಲವು ತಿನ್ನುತ್ತವೆ, ಕೆಲವು ಅತ್ತ ನೋಡುವುದೂ ಇಲ್ಲ. ಅದರಂತೆಯೇ ತೋರುವ ಇನ್ನೊಂದು ಜಾತಿಯ ಸೀಗಡಿ ಹವಳವನ್ನೇ ಕಚ್ಚುವುದುಂಟು. ತಾಮ್ರದ ಪಟ್ಟೆಯ ಚಿಟ್ಟೆಮೀನು ಇದನ್ನು ತಿನ್ನಬಲ್ಲದಾದರೂ ಅದಕ್ಕೆ ದೊಡ್ಡ ತೊಟ್ಟಿ ಬೇಕು, ಎಷ್ಟೋ ವೇಳೆ ಸೆರೆಯಲ್ಲಿ ಆಹಾರ ಮುಟ್ಟದೆ ಸಾಯುತ್ತದೆ. ಉಳಿದದ್ದು ಬರ್ಗಿಯಾ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳು. ಅದಕ್ಕೆ ಐಪ್ಟೇಸಿಯಾ ಒಂದೇ ಆಹಾರ. ಇರುಳಿನಲ್ಲಿ ಹರಿದಾಡಿ ತಿನ್ನುತ್ತದೆ, ತಿಂದದ್ದರ ಕುಟುಕುಕಣಗಳನ್ನು ತನ್ನ ಬೆನ್ನಿನ ಕುಚ್ಚುಗಳಲ್ಲಿ ಕೂಡಿಟ್ಟು ತನ್ನದೇ ಆಯುಧವಾಗಿಸಿಕೊಳ್ಳುತ್ತದೆ. ಆಹಾರ ಮುಗಿದ ದಿನ ಅದಕ್ಕೆ ಉಪವಾಸ, ಬಳಿಕ ಮರಣ.

ಇಲ್ಲಿಯೇ ಅಕ್ಕ ತಡೆದಳು. “ಒಂದನ್ನು ಕೊಲ್ಲಿಸಲಿಕ್ಕೆ ಇನ್ನೊಂದು ಜೀವ ಕೊಂಡು ತಂದು, ಆಮೇಲೆ ಅದನ್ನ ಹಸಿವಿನಿಂದ ಸಾಯಿಸ್ತೀಯಾ?” ಎಂದಳು. ಮಗನು ಬಹಳ ಹೊತ್ತು ಸುಮ್ಮನಿದ್ದನು. ಈ ಪ್ರಶ್ನೆಗೆ ಪುಸ್ತಕದ ಉತ್ತರ ನನ್ನಲ್ಲಿಯೂ ಇರಲಿಲ್ಲ.

ಆದರೂ ಒಂದು ಮಾತನ್ನು ವಿಚಾರಿಸಬೇಕು. ತೆರೆದ ಕಡಲಿನಲ್ಲಿ ಈ ಜೀವಿ ಪೀಡೆಯಲ್ಲ. ಅಲ್ಲಿ ಅದನ್ನು ತಿನ್ನುವವರಿದ್ದಾರೆ, ಅದರ ಜಾಗಕ್ಕೆ ಪೈಪೋಟಿಯೂ ಉಂಟು. ಗಾಜಿನ ನಾಲ್ಕು ಗೋಡೆಗಳೊಳಗೆ ನಾವು ಅದರ ನೆರೆಹೊರೆಯನ್ನು ಹೊರಗಿಟ್ಟೆವು, ಮೀನುಗಳಿಗೆ ಅಳತೆ ಮೀರಿ ಉಣಿಸಿ ಉಳಿಕೆಯನ್ನು ಅದರ ಎಳೆಗಳಿಗೆ ತೇಲಿಬಿಟ್ಟೆವು. ಹೀಗಿರುವಾಗ ಅದು ಹಬ್ಬುವುದು ಅದರ ದುಷ್ಟತನವಲ್ಲ, ನಮ್ಮ ಏರ್ಪಾಟಿನ ಫಲ. ಸೀಮಿತವಾದ ಲೋಕವನ್ನು ಕಟ್ಟಿದವನಿಗೆ ಅದರ ಸಮತೋಲದ ಹೊಣೆಯೂ ಅಂಟಿಕೊಂಡೇ ಬರುತ್ತದೆ.

ಇನ್ನೊಂದು ಸಂಗತಿಯೂ ಗಮನಾರ್ಹ. ಹವಳದಂತೆಯೇ ಐಪ್ಟೇಸಿಯಾದ ಒಡಲಿನಲ್ಲಿಯೂ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ಅನ್ನ ಮಾಡಿ ಒಡೆಯನಿಗೆ ಪಾಲು ಕೊಡುತ್ತವೆ. ನೀರು ಬಿಸಿಯೇರಿದಾಗ ಈ ಸ್ನೇಹ ಮುರಿದು ಹವಳ ಬಿಳುಪಾಗುತ್ತದೆ. 2023ರ ಬೇಸಿಗೆಯಲ್ಲಿ ಫ್ಲಾರಿಡಾದ ತೀರದ ಹವಳಗಳಿಗೆ ಒದಗಿದ ದುರ್ಗತಿ ಇದೇ. ಸ್ನೇಹ ಮುರಿಯುವ ಕಾರಣವನ್ನು ಅರಿಯಲು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಸಾಕುತ್ತಿರುವುದು ಈ ಐಪ್ಟೇಸಿಯಾವನ್ನೇ. ಅದು ಬೇಗ ಬೆಳೆಯುತ್ತದೆ, ಪಾಚಿಯಿಲ್ಲದೆಯೂ ಆಹಾರ ಕೊಟ್ಟರೆ ಬದುಕುತ್ತದೆ. 2015ರಲ್ಲಿ ಅದರ ಜೀನೋಮ್ ಪ್ರಕಟವಾಯಿತು. ತೊಟ್ಟಿಯಲ್ಲಿ ಹವಳವನ್ನು ಸುಡುವ ಜೀವಿಯೇ ಕಡಲಿನ ಹವಳವನ್ನು ಉಳಿಸುವ ಜ್ಞಾನಕ್ಕೆ ಗುರುವಾಗಿದೆ!

ಕೊನೆಗೆ ಅಳಿಯನು ತೊಟ್ಟಿಯನ್ನು ಬರಿದುಮಾಡಲಿಲ್ಲ. ಮೊದಲು ಮೀನಿನ ಆಹಾರವನ್ನು ಮಿತಗೊಳಿಸಿದನು. ಹವಳಕ್ಕೆ ತೀರ ಸಮೀಪವಿದ್ದ ಕೆಲವಕ್ಕೆ ಮಾತ್ರ ಸುಣ್ಣವಿಟ್ಟನು. ಆರು ಬಸವನಹುಳುಗಳನ್ನು ತರುವ ಮುನ್ನವೇ, ಇದೇ ತೊಂದರೆಯಿದ್ದ ಇನ್ನೊಬ್ಬರೊಡನೆ ಮಾತನಾಡಿ, ತನ್ನಲ್ಲಿ ಆಹಾರ ಕಡಿಮೆಯಾಗುತ್ತಿದ್ದಂತೆ ಅವನ್ನು ಅವರಿಗೆ ಕೊಡುವುದೆಂದು ನಿಶ್ಚಯಿಸಿಕೊಂಡನು. ನಾನು ಊರಿಗೆ ಮರಳಿದ ಮೇಲೆ, ಹುಳುಗಳು ಹೊಸ ಮನೆ ಸೇರಿದುವೆಂದೂ ಹವಳದ ಅಂಚಿನಲ್ಲಿ ಮತ್ತೆ ಬಣ್ಣ ಮೂಡಿದೆಯೆಂದೂ ಅಕ್ಕ ಫೋನಿನಲ್ಲಿ ತಿಳಿಸಿದಳು. ಒಂದೂ ಉಳಿದಿಲ್ಲವೆಂದು ಮಾತ್ರ ಅವನು ಹೇಳುವುದಿಲ್ಲವಂತೆ. ಕಲ್ಲಿನ ಆಳದಲ್ಲಿ ಒಂದು ಚೂರು ಇದ್ದೇ ಇರಬಹುದು.

ಪೀಡೆಯನ್ನು ಗೆದ್ದೆನೆಂಬ ಹೆಮ್ಮೆಗಿಂತ, ಅದಕ್ಕೆ ಉಣಿಸುತ್ತಿರುವ ಕೈ ಯಾವುದೆಂಬ ಎಚ್ಚರವೇ ದೊಡ್ಡದು. ಆ ಎಚ್ಚರವಿದ್ದರೆ ತೊಟ್ಟಿ ನಿರ್ಮಲವಾಗಿರುತ್ತದೆ, ತಪ್ಪಿದರೆ ಚೂರೊಂದೇ ಸಾಕು.