ದಾರಿಯ ದುರಸ್ತು

ಹೊಸದಾಗಿ ಕಟ್ಟಿದುದಕ್ಕೆ ಲೋಕದಲ್ಲಿ ಮರ್ಯಾದೆಯುಂಟು; ಕಟ್ಟಿದುದನ್ನು ಕಾಪಾಡಿಕೊಂಡು ಬಂದುದಕ್ಕೆ ಅಷ್ಟಿಲ್ಲ. ರಸ್ತೆಯೊಂದನ್ನು ಹೊಸದಾಗಿ ಮಾಡಿದರೆ ತಳಿರುತೋರಣ, ಭಾಷಣ, ಹೆಸರು ಕೆತ್ತಿದ ಕಲ್ಲು ಎಲ್ಲವೂ ಆಗುತ್ತವೆ. ಅದೇ ರಸ್ತೆಯನ್ನು ಇಪ್ಪತ್ತು ಮಳೆಗಾಲ ಕೆಡದಂತೆ ನೋಡಿಕೊಂಡವರ ಹೆಸರನ್ನು ಯಾವ ಕಲ್ಲಿನ ಮೇಲೂ ನಾನು ಕಂಡಿಲ್ಲ. ಈ ವಿಷಯದಲ್ಲಿ ನಮ್ಮ ಪೂರ್ವಿಕರು ನಮಗಿಂತ ವಿವೇಕಿಗಳಾಗಿದ್ದರೆಂದು ತೋರುತ್ತದೆ. ಹಳೆಯ ಕನ್ನಡ ಶಾಸನಗಳಲ್ಲಿ ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ ಪೂಜೆ ನೈವೇದ್ಯಗಳ ಜೊತೆಯಲ್ಲಿಯೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು, ಎಂದರೆ ಒಡೆದು ಬಿರಿದುದನ್ನು ಸರಿಪಡಿಸುವುದಕ್ಕೆಂದು, ಸ್ಪಷ್ಟವಾಗಿ ಬರೆಯಿಸುತ್ತಿದ್ದರು. ಕೆರೆಯನ್ನು ನೋಡಿಕೊಳ್ಳುವವರಿಗೆ ಕೆರೆಗೊಡಗೆಯೆಂದು ಭೂಮಿ ಸಲ್ಲುತ್ತಿತ್ತು. ಕಟ್ಟಿದ ದಿನವೇ ಕೆಡುವ ದಿನವನ್ನು ನೆನೆದು ಅದಕ್ಕೆ ಜೀವನಾಂಶವನ್ನು ಏರ್ಪಡಿಸಿದವರು ಅವರು. ನಾವು ಕಟ್ಟುವ ಉತ್ಸಾಹವನ್ನು ಉಳಿಸಿಕೊಂಡು ಆ ಇನ್ನೊಂದು ಬುದ್ಧಿಯನ್ನು ಕಳೆದುಕೊಳ್ಳುತ್ತಿರುವೆವೋ ಏನೋ ಎಂಬ ಶಂಕೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಈ ಮಾತನ್ನು ಹೇಳುವುದಕ್ಕೆ ನನಗಿರುವ ಅಧಿಕಾರವು ಅಲ್ಪವಾದುದು. ೧೯೮೭ರಲ್ಲಿ ನಮ್ಮ ರಾಜ್ಯದಲ್ಲಿ ಚುನಾಯಿತ ಜಿಲ್ಲಾ ಪರಿಷತ್ತುಗಳು ಏರ್ಪಟ್ಟುವಷ್ಟೆ. ಆ ವರ್ಷವೇ ನಾನು ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಗ್ರಾಮಗಳ ರಸ್ತೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆನು. ೧೯೯೩ರ ಕಾಯಿದೆಯಿಂದ ಪರಿಷತ್ತು ಹೋಗಿ ಪಂಚಾಯತಿಯೆಂಬ ಹೆಸರಾಯಿತು, ಮೇಲಿನವರು ಬದಲಾದರು, ಕಾಗದದ ತಲೆಬರಹ ಬದಲಾಯಿತು. ಮಳೆ ಮಾತ್ರ ಬದಲಾಗಲಿಲ್ಲ. ನಿವೃತ್ತನಾಗುವವರೆಗೂ ನನ್ನ ಮುಖ್ಯ ವ್ಯವಹಾರವೆಲ್ಲ ಅದರೊಡನೆಯೇ ನಡೆಯಿತು.

ಮೊದಲು ನನ್ನ ಪಾಲಿಗೆ ಬಂದ ಗ್ಯಾಂಗಿನಲ್ಲಿ ಎಂಟು ಆಳುಗಳು; ಅವರಲ್ಲಿ ಮೂವರು ಹೆಂಗಸರು. ಅವರ ಮೇಲೆ ಒಬ್ಬ ಮೇಸ್ತ್ರಿ. ಅವರ ವಶದಲ್ಲಿದ್ದ ದಾರಿ ಸರಕಾರದ ಕಾಗದದಲ್ಲಿ ೧೮ ಕಿಲೋಮೀಟರು, ಮೇಸ್ತ್ರಿಗಳ ಬಾಯಲ್ಲಿ ಹನ್ನೊಂದು ಮೈಲಿ. ಆಯುಧಗಳೆಂದರೆ ಗುದ್ದಲಿ, ಪಿಕಾಸಿ, ಸಲಿಕೆ, ಬಾಂಡ್ಲಿ, ಕತ್ತಿ ಮತ್ತು ಒಂದು ದಿಮ್ಮಸು. ಮೇಸ್ತ್ರಿಗಳು ನನಗಿಂತ ಇಪ್ಪತ್ತೈದು ವರ್ಷ ಹಿರಿಯರು; ಓದಿದ್ದು ನಾಲ್ಕನೆಯ ತರಗತಿ. ಎಂಜಿನಿಯರಿಂಗ್ ಶಾಲೆಯಿಂದ ಹೊಸದಾಗಿ ಬಂದ ನಾನು ಮೊದಲ ದಿನವೇ ಡಾಂಬರಿನ ದಪ್ಪ, ಜಲ್ಲಿಯ ಗಾತ್ರ ಮುಂತಾದುವನ್ನು ವಿಚಾರಿಸತೊಡಗಿದಾಗ ಅವರು ಸ್ವಲ್ಪ ಹೊತ್ತು ಕೇಳಿ, “ಡಾಂಬರನ್ನು ಆಮೇಲೆ ನೋಡೋಣ, ಸ್ವಾಮಿ. ಈ ತಿರುವಿನಲ್ಲಿ ನೀರು ಎಲ್ಲಿಗೆ ಹೋಗುತ್ತದೆ, ಅದನ್ನು ಮೊದಲು ನೋಡಿ” ಎಂದರು. ನಾನು ಓದಿದ ಪುಸ್ತಕಗಳ ಸಾರವೂ ಅದೇ ಆಗಿದ್ದಿತು. ಆದರೆ ಅದು ಅಷ್ಟು ಚಿಕ್ಕದಾಗಿ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ರಸ್ತೆಯೆಂದರೆ ಮೇಲೆ ಕಾಣುವ ಕರಿಯ ಹೊದಿಕೆಯೆಂದು ಸಾಮಾನ್ಯವಾಗಿ ತಿಳಿದಿರುತ್ತೇವೆ. ವಾಸ್ತವವಾಗಿ ಭಾರವನ್ನು ಹೊರುವುದು ಕೆಳಗಿನ ನೆಲ. ೧೮೧೬ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪ್ರಾಂತದ ರಸ್ತೆಗಳ ಮೇಲ್ವಿಚಾರಕನಾದ ಮೆಕಾಡಂ ಎಂಬ ಸ್ಕಾಟ್ಲೆಂಡಿನವನು ಲೋಕಕ್ಕೆ ಕಲಿಸಿದ ಪಾಠವಿದು: ನೆಲವನ್ನು ಒಣಗಿಸಿಡಿ, ಅದು ಎಷ್ಟು ಭಾರವನ್ನಾದರೂ ಹೊರುತ್ತದೆ. ಚಿಕ್ಕ ಚಿಕ್ಕದಾಗಿ ಒಡೆದ ಕಲ್ಲನ್ನು ಮೇಲೆ ಹರಡಿ, ಸುತ್ತಲಿನ ನೆಲಕ್ಕಿಂತ ದಾರಿಯನ್ನು ಎತ್ತರದಲ್ಲಿಟ್ಟು, ನೀರು ಪಕ್ಕಕ್ಕೆ ಇಳಿದು ಹೋಗುವಂತೆ ಮಾಡಿದನು. ಆರು ಔನ್ಸಿಗಿಂತ ಹೆಚ್ಚು ತೂಗುವ ಕಲ್ಲನ್ನು ಆತನು ಒಪ್ಪುತ್ತಿರಲಿಲ್ಲವಂತೆ. ಇಂದು ಆತನ ಹೆಸರಿನೊಡನೆ ಡಾಂಬರನ್ನು ಸೇರಿಸಿ ಹೇಳುವುದುಂಟು. ಆದರೆ ಆತನು ಡಾಂಬರನ್ನು ಬಳಸಿದವನೇ ಅಲ್ಲ. ಡಾಂಬರು ಬಂದದ್ದು ಆಮೇಲೆ, ದಾರಿಯ ತಲೆಗೆ ಕೊಡೆಯಾಗಿ. ಕೊಡೆ ಎಷ್ಟೇ ಒಳ್ಳೆಯದಾದರೂ ಕಾಲು ನೀರಿನಲ್ಲಿದ್ದರೆ ಮೈ ಬೆಚ್ಚಗಿರುವುದೆ?

ಆದುದರಿಂದ ದಾರಿಯ ನಡುವನ್ನು ಉಬ್ಬಿಸಿ ಎರಡು ಪಕ್ಕಕ್ಕೂ ಇಳಿಜಾರು ಕೊಡುತ್ತಾರೆ. ಡಾಂಬರಿನ ದಾರಿಗೆ ೪೦ ಅಡಿಗೆ ಒಂದು ಅಡಿಯಷ್ಟು ಇಳಿತವಾದರೆ ಸಾಕು. ಮಳೆಯ ಸೀಮೆಯ ಮಣ್ಣಿನ ದಾರಿಗೆ ೨೫ ಅಡಿಗೆ ಒಂದು ಅಡಿಯಾದರೂ ಬೇಕು. ಇಷ್ಟು ಮಾಡಿದರೂ ಒಂದು ಸೂಕ್ಷ್ಮವುಂಟು. ದಾರಿಯ ಅಂಚಿನಲ್ಲಿ ಹುಲ್ಲು ಬೆಳೆಯುತ್ತದೆ. ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ. ಮೂರು ವರ್ಷದಲ್ಲಿ ಅಂಚು ದಾರಿಗಿಂತ ಮೂರು ಬೆರಳು ಎತ್ತರವಾಗುತ್ತದೆ. ನೀರು ಪಕ್ಕದಲ್ಲಿಯೇ ಚರಂಡಿಯಿದ್ದರೂ ಅದಕ್ಕೆ ಇಳಿಯಲಾರದೆ ದಾರಿಯ ಮೇಲೆಯೇ ನಿಲ್ಲುತ್ತದೆ. ಕೂದಲೆಳೆಯಂಥ ಬಿರುಕಿನಲ್ಲಿ ಒಳಕ್ಕೆ ಇಳಿಯುತ್ತದೆ. ಮೇಲೆ ಬಸ್ಸಿನ ಚಕ್ರ ಹರಿದಾಗ ಒಳಗಿನ ನೀರು ಒತ್ತಡಕ್ಕೆ ಸಿಕ್ಕಿ, ನುಣ್ಣನೆಯ ಮಣ್ಣನ್ನು ಹೊತ್ತುಕೊಂಡು ಮೇಲಕ್ಕೆ ಚಿಮ್ಮುತ್ತದೆ. ಒಳಗೆ ಟೊಳ್ಳಾಗುತ್ತದೆ, ಹೊದಿಕೆ ಕುಸಿಯುತ್ತದೆ. ನಾವು ಗುಂಡಿಯೆಂದು ಶಪಿಸುವುದು ಈ ಕಥೆಯ ಕೊನೆಯ ಅಧ್ಯಾಯವನ್ನು. ಮೊದಲ ಅಧ್ಯಾಯವು ಒಂದು ಹಿಡಿ ಹುಲ್ಲು.

ಗ್ಯಾಂಗಿನ ವರ್ಷವು ಪಂಚಾಂಗವನ್ನು ಅನುಸರಿಸಿ ನಡೆಯುತ್ತಿತ್ತು. ರೋಹಿಣಿ ಮಳೆ ಬೀಳುವುದರೊಳಗೆ ಚರಂಡಿಗಳ ಹೂಳನ್ನು ತೆಗೆದು, ಅಂಚಿನ ಹುಲ್ಲನ್ನು ಕೆತ್ತಿ, ಮೋರಿಗಳ ಬಾಯನ್ನು ಬಿಡಿಸಿರಬೇಕು. ಆರಿದ್ರೆಯಿಂದ ಆಶ್ಲೇಷೆಯವರೆಗೆ, ಎಂದರೆ ಜೂನ್ ತಿಂಗಳ ಕೊನೆಯಿಂದ ಆಗಸ್ಟಿನ ನಡುವಿನವರೆಗೆ, ಕಾವಲಿನ ಕಾಲ. ಕಂಬಳಿಕೊಪ್ಪೆ ಹಾಕಿಕೊಂಡು ದಿನವೂ ದಾರಿಯುದ್ದಕ್ಕೂ ನಡೆಯುವುದು. ಬಿದ್ದ ಮರವನ್ನು ಕಡಿದು ಸರಿಸುವುದು. ಜರಿದ ಮಣ್ಣನ್ನು ಎತ್ತುವುದು. ತೋಟಗಳಿಂದ ತೇಲಿಬಂದ ಅಡಕೆಯ ಸೋಗೆ ಮತ್ತು ತರಗನ್ನು ಮೋರಿಯ ಬಾಯಿಂದ ಎಳೆದು ಹಾಕುವುದು. ಈ ಕಾಲದಲ್ಲಿ ಗುಂಡಿಗೆ ಡಾಂಬರು ಹಾಕಿದರೆ ಅದು ಒದ್ದೆಯ ಕಲ್ಲಿಗೆ ಹತ್ತುವುದಿಲ್ಲ. ಕಲ್ಲು ಮಣ್ಣು ತುಂಬಿ ಹೇಗೋ ದಾಟಿಸಬೇಕು. ನಿಜವಾದ ತೇಪೆಯ ಕೆಲಸವು ದಸರೆಯಿಂದೀಚೆಗೆ, ನೆಲ ಒಣಗಿದ ಮೇಲೆ. ಅದಕ್ಕೂ ಒಂದು ಕ್ರಮವುಂಟು. ಗುಂಡಿಯ ಸುತ್ತಲಿನ ಸಡಿಲವಾದುದನ್ನೆಲ್ಲ ಚೌಕವಾಗಿ, ಗೋಡೆ ನೆಟ್ಟಗಿರುವಂತೆ ಕತ್ತರಿಸಬೇಕು, ಧೂಳಿಲ್ಲದಂತೆ ಗುಡಿಸಬೇಕು, ಕಾದ ಡಾಂಬರನ್ನು ತೆಳ್ಳಗೆ ಬಳಿದು, ಡಾಂಬರು ಬೆರೆಸಿದ ಜಲ್ಲಿಯನ್ನು ಪದರಪದರವಾಗಿ ತುಂಬಿ, ಒಂದೊಂದು ಪದರವನ್ನೂ ದಿಮ್ಮಸಿನಿಂದ ಬಡಿಯಬೇಕು. ಗುಂಡಿಯನ್ನು ಮುಚ್ಚುವುದಕ್ಕೆ ಮುಂಚೆ ಅದನ್ನು ದೊಡ್ಡದು ಮಾಡುವ ಈ ಕ್ರಮವನ್ನು ನೋಡಿ ದಾರಿಹೋಕರು ನಗುತ್ತಿದ್ದರು. ಹಲ್ಲಿನ ವೈದ್ಯನ ಬಳಿಗೆ ಹೋಗಿ ಬಂದವರು ಮಾತ್ರ ನಗುತ್ತಿರಲಿಲ್ಲ.

ಇಂಥ ಕೆಲಸಕ್ಕೆ ಮೇಲ್ವಿಚಾರಣೆಯೆಂದರೆ ಏನೆಂದು ವಾಚಕರು ಕೇಳಬಹುದು. ಹಾಜರಿಪುಸ್ತಕವನ್ನು ನೋಡುವುದು, ಅಳತೆಯನ್ನು ಬರೆಯುವುದು, ಬಟವಾಡೆ ಮಾಡುವುದು ಇವೆಲ್ಲ ಇದ್ದೇ ಇದ್ದುವು. ಆದರೆ ಆಳುಗಳು ಮೇಲ್ವಿಚಾರಕನನ್ನು ಅಳೆಯುತ್ತಿದ್ದುದು ಎರಡೇ ವಿಷಯಗಳಿಂದ: ಕೂಲಿಯನ್ನು ಹೇಳಿದ ದಿನಕ್ಕೆ ತರುತ್ತಾನೆಯೆ? ಮಳೆಯಲ್ಲಿ ಬರುತ್ತಾನೆಯೆ? ಬಿಸಿಲಿನಲ್ಲಿ ಜೀಪಿನ ಮೇಲೆ ಬಂದು ಹೋದವನಿಗೆ ರಸ್ತೆಯು ಮುಖವನ್ನು ಮಾತ್ರ ತೋರಿಸುತ್ತದೆ. ಜಡಿಮಳೆಯಲ್ಲಿ ನಡೆದವನಿಗೆ ತನ್ನ ರೋಗವನ್ನು ಹೇಳುತ್ತದೆ. ನಾನು ಕಲಿತ ಎಂಜಿನಿಯರಿಂಗ್ ವಿದ್ಯೆಯಲ್ಲಿ ಅರ್ಧಭಾಗವು ಮೇಸ್ತ್ರಿಗಳ ಹಿಂದೆ ಕೊಡೆ ಹಿಡಿದು ನಡೆದಾಗ ಬಂದುದು.

ಜನರೊಡನೆ ನಡೆಯಿಸಬೇಕಾದ ವ್ಯವಹಾರವು ನೀರಿನ ವ್ಯವಹಾರಕ್ಕಿಂತಲೂ ನಾಜೂಕಾದುದು. ಒಬ್ಬ ಜಮೀನುದಾರರು ಮನೆಯ ಅಂಗಳಕ್ಕೆ ಗಾಡಿ ಬರಲೆಂದು ಮುಂದಿನ ಚರಂಡಿಯನ್ನು ಮಣ್ಣಿನಿಂದ ಮುಚ್ಚಿಬಿಟ್ಟಿದ್ದರು. ನೀರು ದಾರಿಯ ಮೇಲೆ ಹತ್ತಿತು. ಕಚೇರಿಯಿಂದ ಕಾಗದ ಬರೆಯುವುದೆಂದು ನಾನು ಯೋಚಿಸುತ್ತಿದ್ದೆನು. ಮೇಸ್ತ್ರಿಗಳು ಅವರ ಮನೆಯ ಜಗಲಿಯ ಕೆಳಗೆ ನಿಂತು, “ಗೌಡ್ರೇ, ಗಾಡಿ ಬರಬೇಕಾದ್ದು ನ್ಯಾಯವೇ. ಆದರೆ ಈ ನೀರು ಮುಂದೆ ಹೋಗಿ ನಿಮ್ಮ ಕೆಳಗಿನ ತೋಟದ ಮೇಲೇ ಬೀಳುತ್ತದೆ. ನೀವು ಎರಡು ಕೊಳವೆ ತರಿಸಿಕೊಡಿ; ಇಡುವ ಕೆಲಸ ನಮ್ಮದು” ಎಂದರು. ಗೌಡರು ತೋಟದ ಕಡೆ ನೋಡಿದರು. ಕೊಳವೆ ಮೂರನೆಯ ದಿನ ಬಂದಿತು. ಕಾಗದ ಬರೆದಿದ್ದರೆ ಅದು ಇಂದಿಗೂ ಯಾವುದಾದರೂ ಕಡತದಲ್ಲಿ ಇರುತ್ತಿತ್ತು.

ನಾನು ಸೇರಿದ ನಾಲ್ಕನೆಯ ವರ್ಷ ಪುಷ್ಯದ ಮಳೆಯಲ್ಲಿ ನಡೆದ ಒಂದು ಸಂಗತಿಯು ನನಗೆ ಈ ವೃತ್ತಿಯ ಧರ್ಮವನ್ನೂ ಅದರ ದುರದೃಷ್ಟವನ್ನೂ ಒಟ್ಟಿಗೆ ತೋರಿಸಿತು. ರಾತ್ರಿ ಹಳ್ಳವು ಏರಿ, ಕಾಡಿನ ದಿಮ್ಮಿಯೊಂದು ಬಂದು ನಮ್ಮ ದಾರಿಯ ದೊಡ್ಡ ಮೋರಿಯ ಬಾಯಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು. ಅದಕ್ಕೆ ಸೋಗೆ ತರಗುಗಳು ಸೇರಿ ಕಟ್ಟೆ ಕಟ್ಟಿದಂತಾಯಿತು. ಆ ಹೊತ್ತಿನಲ್ಲಿ ಅಲ್ಲಿಗೆ ಹೋಗೆಂದು ಯಾರೂ ಅಪ್ಪಣೆ ಮಾಡಿರಲಿಲ್ಲ. ಹಳ್ಳದ ಸದ್ದು ಬದಲಾಯಿತೆಂದು ಮೇಸ್ತ್ರಿಗಳು ಎದ್ದು, ಪಕ್ಕದ ಮನೆಯ ಇಬ್ಬರು ಆಳುಗಳನ್ನು ಎಬ್ಬಿಸಿ, ಲಾಟೀನು ಹಿಡಿದು ಹೋಗಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬೆಳಗಿನ ಜಾವದವರೆಗೆ ದಿಮ್ಮಿಯನ್ನು ಕಡಿದರು. ಬೆಳಿಗ್ಗೆ ಏಳು ಗಂಟೆಯ ಬಸ್ಸು ಎಂದಿನಂತೆ ಮೋರಿಯ ಮೇಲೆ ಹೋಯಿತು. ಒಳಗಿದ್ದ ಶಾಲೆಯ ಮಕ್ಕಳಿಗಾಗಲಿ ಆಸ್ಪತ್ರೆಗೆ ಹೊರಟವರಿಗಾಗಲಿ ಏನೂ ತಿಳಿಯಲಿಲ್ಲ.

ಅದೇ ರಾತ್ರಿ ಪಕ್ಕದ ಕಣಿವೆಯ ದಾರಿಯಲ್ಲಿ ಅಂಥದೇ ಮೋರಿಯೊಂದು ಕೊಚ್ಚಿಹೋಯಿತು. ಅಲ್ಲಿಯ ಗ್ಯಾಂಗನ್ನು ಬೇರೆ ಕೆಲಸಕ್ಕೆ ಕಳುಹಿಸಿ ಎರಡು ವರ್ಷವಾಗಿದ್ದಿತು. ಐದು ಹಳ್ಳಿಗಳಿಗೆ ಒಂದು ತಿಂಗಳು ದಾರಿಯಿಲ್ಲ. ಪತ್ರಿಕೆಗಳಲ್ಲಿ ಬಂದಿತು, ದೊಡ್ಡವರು ನೋಡಿ ಹೋದರು, ಹಣ ಮಂಜೂರಾಯಿತು, ಮರುವರ್ಷ ಹೊಸ ಸೇತುವೆಯೂ ಅದರ ಪಕ್ಕದಲ್ಲಿ ಕೆತ್ತಿದ ಕಲ್ಲೂ ನಿಂತುವು. ಅದು ಆಗಬೇಕಾದುದೇ, ನಿಜ. ಆದರೆ ನಮ್ಮ ಮೂವರು ಆಳುಗಳ ರಾತ್ರಿಯನ್ನು ನಾನು ಅಳತೆಯ ಪುಸ್ತಕದಲ್ಲಿ ಎಲ್ಲಿ ಬರೆಯಲಿ? ಹಾಕಿದ ಜಲ್ಲಿಗೆ ಘನ ಅಳತೆಯುಂಟು, ಬಳಿದ ಡಾಂಬರಿಗೆ ತೂಕವುಂಟು. ಆಗದೆ ಹೋದ ಕೇಡಿಗೆ ಅಳತೆಯಿಲ್ಲ. ಅಳತೆಯಿಲ್ಲದುದಕ್ಕೆ ಕಾಗದದಲ್ಲಿ ಸ್ಥಳವಿಲ್ಲ. ಕಾಗದದಲ್ಲಿಲ್ಲದುದು ಅನಾವಶ್ಯಕವೆಂದು ಯಾರಿಗಾದರೂ ಕ್ರಮೇಣ ತೋರುವುದು ಸಹಜವೇ.

ಹಾಗೆಯೇ ತೋರಿತು. ನಿವೃತ್ತರಾದವರ ಸ್ಥಾನಕ್ಕೆ ಹೊಸಬರು ಬರಲಿಲ್ಲ. ಮೇಸ್ತ್ರಿಗಳು ಹೋದರು; ಆಮೇಲೆ ಒಬ್ಬೊಬ್ಬರಾಗಿ ಆಳುಗಳು ಹೋದರು. ೨೦೦೬ರ ಹೊತ್ತಿಗೆ ಒಂಬತ್ತು ಮಂದಿಯ ಗ್ಯಾಂಗಿನಲ್ಲಿ ಉಳಿದವರು ಇಬ್ಬರು. ಅವರೂ ಕಚೇರಿಯ ಅಂಗಳವನ್ನು ಗುಡಿಸುತ್ತಿದ್ದರು. ಕೆಲಸವು ಕಂತ್ರಾಟಿಗೆ ಹೋಯಿತು. ಕಂತ್ರಾಟನ್ನು ನಾನು ನಿಂದಿಸಲಾರೆನು. ಹತ್ತು ಆಳುಗಳು ಹದಿನೈದು ದಿನ ತೆಗೆಯುತ್ತಿದ್ದ ಹೂಳನ್ನು ಯಂತ್ರವು ಒಂದು ದಿನದಲ್ಲಿ ತೆಗೆಯುತ್ತದೆ. ೨೦೦೦ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ, ರಸ್ತೆಯನ್ನು ಮಾಡಿದ ಕಂತ್ರಾಟುದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕೆಂಬ ನಿಬಂಧನೆಯನ್ನೂ ಇಟ್ಟಿದ್ದಾರೆ. ಇದು ಹಳೆಯ ಶಾಸನಗಳ ಬುದ್ಧಿಗೆ ಸಮೀಪವಾದುದು. ಆದರೆ ಯಂತ್ರವು ಕರೆದಾಗ ಬರುತ್ತದೆ. ಕರೆಯುವವನು ಯಾರು? ಹಳ್ಳದ ಸದ್ದು ಬದಲಾದುದನ್ನು ಮಲಗಿದಲ್ಲಿಂದ ಕೇಳಬಲ್ಲವನೊಬ್ಬನು ಆ ದಾರಿಯ ಪಕ್ಕದಲ್ಲಿ ವಾಸವಾಗಿರಬೇಕಲ್ಲವೆ? ನಾಲ್ಕೈದು ಮೈಲಿಗೆ ಇಬ್ಬರಂತೆ ಆ ಊರಿನವರನ್ನೇ ನೇಮಿಸಿ, ಅವರ ಕೈಗೆ ಒಂದು ಗುದ್ದಲಿ, ತಿಂಗಳಿಗೆ ತಪ್ಪದ ಕೂಲಿ, ಇದು ನನ್ನ ದಾರಿಯೆಂದು ಹೇಳಿಕೊಳ್ಳುವ ಅಧಿಕಾರ ಇಷ್ಟನ್ನು ಕೊಟ್ಟರೆ, ಅದರ ವೆಚ್ಚವು ಹೊಸ ಸೇತುವೆಗಳ ವೆಚ್ಚಕ್ಕಿಂತ ಕಡಿಮೆಯಾಗುವುದೆಂದೇ ನನ್ನ ನಂಬಿಕೆ.

ಸರಕಾರವು ಮಾಡುವವರೆಗೆ ಗೃಹಸ್ಥರಾದ ನಾವು ಮಾಡಬಹುದಾದುದೂ ಅಲ್ಪಸ್ವಲ್ಪವಿದೆ. ಮನೆಯ ಮುಂದಿನ ಚರಂಡಿಯನ್ನು ಮುಚ್ಚದಿರುವುದು; ಮುಚ್ಚಲೇಬೇಕಾದರೆ ಕೊಳವೆಯಿಟ್ಟು ಮುಚ್ಚುವುದು; ತೋಟದ ಸೋಗೆಯನ್ನು ಹಳ್ಳಕ್ಕೆ ಎಸೆಯದಿರುವುದು. ಇದಾವುದಕ್ಕೂ ಮಂಜೂರಾತಿ ಬೇಕಿಲ್ಲ. ಮುಂದಿನ ಮಳೆಗಾಲದಲ್ಲಿ ವಾಚಕರು ಯಾವುದಾದರೂ ಊರಿಗೆ ಬಸ್ಸಿನಲ್ಲಿ ಹೋಗುವಾಗ ಡಾಂಬರಿನ ಹೊಳಪನ್ನು ಬಿಟ್ಟು ಒಂದು ಗಳಿಗೆ ದಾರಿಯ ಅಂಚನ್ನು ನೋಡಬೇಕೆಂದು ನನ್ನ ಪ್ರಾರ್ಥನೆ. ಹುಲ್ಲು ಕೆತ್ತಿರುವುದೂ ಚರಂಡಿಯಲ್ಲಿ ನೀರು ತಡೆಯಿಲ್ಲದೆ ಹರಿಯುವುದೂ ಕಂಡರೆ, ಅಲ್ಲಿ ಇನ್ನೂ ಯಾರೋ ಒಬ್ಬರು ದಾರಿಯನ್ನು ಕಾಯುತ್ತಿದ್ದಾರೆಂದು ತಿಳಿಯಬಹುದು.